ಗಣಿತಕ್ಕೆ ಭಾಷೆಯಿಲ್ಲ ಸ್ವಾಮೀ!

ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಕನ್ನಡದ ಗಂಧಗಾಳಿಯಿಲ್ಲದ ಲೆಕ್ಕದ ಮಾಸ್ಟ್ರು ನೇಮಕವಾದಾಗಲೆಲ್ಲ ಅವರ ಬೆನ್ನಿಗೇ ಒಂದು ವೇದವಾಕ್ಯವೂ ಬರುತ್ತದೆ: "ಗಣಿತಕ್ಕೆಲ್ಲಿಯ ಭಾಷೆ? ಅಂಕಿ ಎಲ್ಲಾ ಕಡೆ ಒಂದೇ ತಾನೆ?" ಮಕ್ಕಳು ತರಗತಿ ಬಹಿಷ್ಕರಿಸಿದರೂ, ಹೆತ್ತವರು ಧರಣಿ ಕೂತರೂ, ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿದರೂ ಈ ವಾಕ್ಯಕ್ಕೆ ಮುಪ್ಪಿಲ್ಲ.

ಒಪ್ಪಿದೆ, ಅಂಕಿಗೆ ಭಾಷೆಯಿಲ್ಲ. ಆದರೆ ಅಂಕಿಯ ಆಚೀಚೆ ನಾಲ್ಕು ಮಾತು ಇರುತ್ತದಲ್ಲ! ಎಂಟನೇ ಕ್ಲಾಸು, ಸರಳ ಬಡ್ಡಿಯ ಪಾಠ ಎಂದಿಟ್ಟುಕೊಳ್ಳಿ. ಸಾವಿರ ರೂಪಾಯಿಗೆ "ಎಟ್ಟು ಶತಮಾನಂ ಪಲಿಶ, ರಂಡು ವರ್ಷಂ" ಎಂದು ಮಾಸ್ಟ್ರು ಬೋರ್ಡಿನ ಕಡೆ ತಿರುಗುತ್ತಾರೆ. ಮಲಯಾಳದಲ್ಲಿ ಅದು ಶೇಕಡಾ ಎಂಟರ ಬಡ್ಡಿ. ಮೂರನೇ ಬೆಂಚಿನ ಹುಡುಗ ಕಿವಿಗೆ ಬಿದ್ದದ್ದನ್ನು ನಂಬಿ ಎಂಟು ಶತಮಾನಕ್ಕೆ 800 ಹಾಕಿ, ಮೇಲಿನ ಎರಡು ವರ್ಷವನ್ನೂ ಬಿಡದೆ ಕೂಡಿಸಿ 802 ಎಂದು ಬರೆಯುತ್ತಾನೆ. ಸರಿಯುತ್ತರ 160. ಬಿತ್ತು ಕೆಂಪು ಗೆರೆ. ಪಾಪದವನ ಗುಣಾಕಾರವೂ ಸರಿ, ಸಂಕಲನವೂ ಸರಿ!

"ಮನಸ್ಸಿಲಾಯೋ?" ಎಂದರೆ ಇಡೀ ಕ್ಲಾಸು "ಆಯ್ತು ಸಾರ್" ಅನ್ನುತ್ತದೆ. ಆಗಲಿಲ್ಲ ಎಂದವನಿಗೆ ಅದೇ ವಿವರಣೆ, ಅದೇ ಭಾಷೆಯಲ್ಲಿ, ಸ್ವಲ್ಪ ಗಟ್ಟಿಯಾಗಿ.

ಮಾಸ್ಟ್ರನ್ನು ದೂರಬೇಡಿ. ಸರ್ಕಾರಿ ನೇಮಕಾತಿ ನಡೆಸುವ ಪಿಎಸ್‌ಸಿಯ ಪಟ್ಟಿಯಲ್ಲಿ ಹೆಸರು ಬಂತೆಂದು ದೂರದ ಕೊಲ್ಲಂನಿಂದಲೋ ತೃಶ್ಶೂರಿನಿಂದಲೋ ರಾತ್ರಿ ರೈಲು ಹತ್ತಿ ಬಂದವರು. ಪಠ್ಯಪುಸ್ತಕ ಅಚ್ಚುಕಟ್ಟಾಗಿ ಕನ್ನಡದಲ್ಲಿದೆ. ಇಡೀ ತರಗತಿಯಲ್ಲಿ ಅದನ್ನು ಓದಲು ಬಾರದವರು ಅವರೊಬ್ಬರೇ.

ಆದರೆ ಈ ಬೋಧನಾ ವಿಧಾನದ ಚಮತ್ಕಾರ ನೋಡಿ. ವರ್ಷದ ಮೊದಲ ಪರೀಕ್ಷೆಯಾದ ಓಣಂ ಪರೀಕ್ಷೆ ಮುಗಿಯುವ ಹೊತ್ತಿಗೆ ಹುಡುಗ "ಸಾರ್ ಹೇಳುವುದು ತಿಳಿಯುವುದಿಲ್ಲ" ಅನ್ನುವುದನ್ನು ಬಿಟ್ಟಿರುತ್ತಾನೆ. "ನಂಗೆ ಲೆಕ್ಕ ತಲೆಗೇ ಹತ್ತುವುದಿಲ್ಲ" ಅನ್ನಲು ಶುರುಮಾಡಿರುತ್ತಾನೆ. ಇಲಾಖೆಯ ಕೊರತೆ ಹೀಗೆ ಖರ್ಚಿಲ್ಲದೆ ಹುಡುಗನ ತಲೆಗೆ ವರ್ಗವಾಯಿತು. ಪಿಟಿಎ ಸಭೆಯಲ್ಲಿ ಅಪ್ಪನೂ ತಲೆ ತಗ್ಗಿಸಿ "ನಮ್ಮವ ಲೆಕ್ಕದಲ್ಲಿ ಸ್ವಲ್ಪ ವೀಕು" ಎಂದು ಒಪ್ಪಿಕೊಳ್ಳುತ್ತಾನೆ. ಮಗುವಿಗೆ ಆತ್ಮವಿಶ್ವಾಸ ಸಾಲದು, ಒಂದು ಶಿಬಿರ ಮಾಡೋಣ ಎಂಬ ಸಲಹೆ ಬರುತ್ತದೆ. ಶಿಬಿರ ಮಲಯಾಳದಲ್ಲೇ ನಡೆಯಲಿ ಎಂದು ನನ್ನದೂ ಒಂದು ಅನುಮೋದನೆ. ಆತ್ಮವಿಶ್ವಾಸಕ್ಕೆ ಮಾತ್ರ ಯಾಕೆ ಭಾಷೆ?

ಇನ್ನೊಂದು ವಾದವೂ ಉಂಟು. ಇದು ಸಪ್ತಭಾಷಾ ಸಂಗಮಭೂಮಿ, ಮಕ್ಕಳಿಗೆ ಮಲಯಾಳ ಬಂದೇ ಬರುತ್ತದಂತೆ. ಬರುತ್ತದೆ, ಬಂಗುಡೆಗೆ ಚೌಕಾಸಿ ಮಾಡುವಷ್ಟು. ಅಷ್ಟರಲ್ಲೇ ಪೈಥಾಗೊರಸ್ ಪ್ರಮೇಯವನ್ನೂ ಸಾಧಿಸಿಕೊಳ್ಳಬೇಕು.

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದೂ ಅದೇ ದಿನ. ಎಂಟನೇ ಕ್ಲಾಸಿಗೆ ಬರುವಾಗ ಮಾತೃಭಾಷೆ ಖರ್ಚಾಗಿರುತ್ತದೆ ಎಂದು ಯಾರೋ ಲೆಕ್ಕ ಹಾಕಿರಬೇಕು.

"ಆದರೂ ಎಲ್ಲರೂ ಪಾಸಾಗುತ್ತಾರಲ್ಲ?" ಅನ್ನುತ್ತೀರಿ. ಹೌದು, 2024ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 99.69. ಪಾಸಾದವನು ಮರುದಿನವೇ ಪ್ಲಸ್ ಒನ್ (ಹನ್ನೊಂದನೇ ಕ್ಲಾಸು) ಅರ್ಜಿ ಹಿಡಿದು ಲೆಕ್ಕವಿಲ್ಲದ ಕೋರ್ಸು ಯಾವುದೆಂದು ಹುಡುಕುತ್ತಾನೆ. ಅದನ್ನು ಯಾವ ಫಲಿತಾಂಶದ ಪಟ್ಟಿಯೂ ಎಣಿಸುವುದಿಲ್ಲ.

ನನ್ನದೊಂದು ವಿನಂತಿ. ತಿರುವನಂತಪುರದಲ್ಲಿ, ಸೆಕ್ರೆಟರಿಯೇಟಿನ ಸಾಹೇಬರ ಮಕ್ಕಳು ಓದುವ ಶಾಲೆಗೆ ಕನ್ನಡವೊಂದೇ ಬರುವ ಮಾಸ್ಟ್ರೊಬ್ಬರನ್ನು ಹಾಕಿ. ಗಣಿತಕ್ಕೇ ಹಾಕಿ, ಭಾಷೆಯ ತಕರಾರಿರುವುದಿಲ್ಲ. ಸೋಮವಾರ ಅವರು "ಶೇಕಡಾ ಎಂಟರ ಬಡ್ಡಿ" ಎಂದು ಪಾಠ ಶುರುಮಾಡಲಿ. ವರ್ಗಾವಣೆ ಆದೇಶ ಮಂಗಳವಾರ ಕೈಸೇರಬಹುದು. ಆದ್ದರಿಂದ ಮಾಸ್ಟ್ರು ವಾಪಸು ಟಿಕೆಟನ್ನು ಈಗಲೇ ಬುಕ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.