ಆರತಿ ಕಡ್ಡಾಯವಲ್ಲ, ಲ್ಯಾಟಿನ್ ನಿಷೇಧವಾಗಿಲ್ಲ: ಒಂದು ಸ್ಪಷ್ಟನೆ

ಮುಂಬಯಿಯ ಕನ್ನಡ ಕ್ರೈಸ್ತ ಬಂಧುಗಳ ವಾಟ್ಸಾಪ್ ಬಳಗಗಳಲ್ಲಿ, ‘ದ್ವಿತೀಯ ವ್ಯಾಟಿಕನ್ ಮಹಾಸಭೆ (ಕ್ಯಾಥೊಲಿಕ್ ಬಿಷಪರ ಜಾಗತಿಕ ಸಭೆ) ಲ್ಯಾಟಿನ್ ಪೂಜೆಯನ್ನು ನಿಷೇಧಿಸಿ, ಭಾರತದ ಚರ್ಚುಗಳಲ್ಲಿ ಆರತಿಯನ್ನು ಕಡ್ಡಾಯಗೊಳಿಸಿತು, ಸೀರೆಯುಟ್ಟ ಮರಿಯಮ್ಮನ ಚಿತ್ರಗಳೂ ಆ ಬಳಿಕವೇ ಬಂದವು’ ಎಂಬ ಸಂದೇಶ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಹಂಚಿದ್ದೆ. ಅದರ ಮೂರೂ ಮಾತುಗಳು ತಪ್ಪು.

ಮಹಾಸಭೆಯು ಆರಾಧನಾ ವಿಧಿಯ ಕುರಿತು 1963ರ ಡಿಸೆಂಬರ್ 4ರಂದು ಹೊರಡಿಸಿದ ದಸ್ತಾವೇಜಿನ 36ನೆಯ ಕಲಮು, ಲ್ಯಾಟಿನ್ ವಿಧಿಗಳಲ್ಲಿ ಆ ಭಾಷೆಯ ಬಳಕೆಯನ್ನು ಉಳಿಸಿಕೊಳ್ಳಬೇಕೆಂದೇ ಹೇಳಿ, ಜನಭಾಷೆಗಳಿಗೆ ಹೆಚ್ಚಿನ ಅವಕಾಶ ನೀಡಬಹುದೆನ್ನುತ್ತದೆ. ನಾವು ಕನ್ನಡದಲ್ಲಿ ಪೂಜೆ ಕೇಳುವುದಕ್ಕೆ ದಾರಿಯಾದದ್ದು ಈ ಅವಕಾಶವೇ ಹೊರತು ನಿಷೇಧವಲ್ಲ.

ಆರತಿಯ ವಿಷಯ ಆ ದಸ್ತಾವೇಜಿನಲ್ಲಿ ಇಲ್ಲವೇ ಇಲ್ಲ. ಭಾರತದ ಧರ್ಮಾಧ್ಯಕ್ಷರ (ಬಿಷಪರ) ಮಂಡಳಿಯ ಕೋರಿಕೆಯ ಮೇರೆಗೆ ರೋಮ್ 1969ರ ಏಪ್ರಿಲ್‌ನಲ್ಲಿ ಒಪ್ಪಿದ, ಪೂಜೆಯನ್ನು ಭಾರತೀಯ ರೀತಿಗೆ ಹೊಂದಿಸುವ 12 ಅಂಶಗಳಲ್ಲಿ ಆರತಿ, ಅಂಜಲಿಹಸ್ತ, ಎಣ್ಣೆದೀಪ ಮುಂತಾದವು ಸೇರಿದ್ದು, ಅವುಗಳ ಜಾರಿಯನ್ನು ಮಂಡಳಿ ಹಾಗೂ ಆಯಾ ಧರ್ಮಾಧ್ಯಕ್ಷರ ನಿರ್ಧಾರಕ್ಕೆ ಬಿಡಲಾಗಿತ್ತು. ಹಾಗಾಗಿ ಆರತಿಯಿಲ್ಲದ ಪೂಜೆಯಲ್ಲಿ ಕೊರತೆಯೇನೂ ಇಲ್ಲ.

ಇನ್ನು ಚಿತ್ರಗಳು. ಗೋವಾದಲ್ಲಿ ಹುಟ್ಟಿ ಪುಣೆಯ ಆಶ್ರಮವೊಂದರಲ್ಲಿ ನೆಲೆಸಿದ್ದ ಕಲಾವಿದ ಆಂಜೆಲೊ ದ ಫೊನ್ಸೆಕಾ (1902–1967) ಸೀರೆಯುಟ್ಟ ಮರಿಯಮ್ಮನನ್ನು ಮಹಾಸಭೆಗೂ ಎಷ್ಟೋ ವರ್ಷ ಮೊದಲೇ ಚಿತ್ರಿಸಿದ್ದರು. ಆಗ ಅದಕ್ಕೆ ಚರ್ಚಿನೊಳಗಿಂದ ಟೀಕೆಯೂ ಬಂದಿತ್ತೆಂಬುದನ್ನು ನಾವು ಮರೆತಂತಿದೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ನನ್ನಿಂದ ಪಡೆದವರು ಅಳಿಸಿಹಾಕಬೇಕೆಂದು ಕೋರುತ್ತೇನೆ.