ಕಾರಿಗೊಂದು ತೂತು, ಊರಿಗೆಲ್ಲ ಮಾತು

ಕಾರಿನಿಂದ ಸೋರುವ ದ್ರವಗಳಲ್ಲಿ ಇಂಜಿನ್ ಆಯಿಲ್ ಮರ್ಯಾದಸ್ಥ. ನೆಲದ ಮೇಲೆ ಕಪ್ಪಗೆ ಕಲೆ ಬಿಟ್ಟು, ‘ಹೌದು, ನಾನೇ’ ಎಂದು ಒಪ್ಪಿಕೊಳ್ಳುತ್ತದೆ. ಪೆಟ್ರೋಲ್ ಸೋರಿದರೆ ವಾಸನೆಯೇ ಡಂಗುರ ಸಾರುತ್ತದೆ. ಕಳ್ಳ ಅಂದರೆ ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್. ಹೆಚ್ಚಾಗಿ ಇಂಜಿನ್ ಬಿಸಿಯಿದ್ದಾಗಲೇ ಸೋರುತ್ತದೆ. ಸೋರಿದ್ದು ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗಿಬಿಡುತ್ತದೆ. ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ಎಲ್ಲ ಒಣ ಒಣ. ಕೂಲೆಂಟ್ ಡಬ್ಬಿಯಲ್ಲಿನ ಮಟ್ಟ ಮಾತ್ರ ಒಂದು ಬೆರಳು ಕೆಳಗೆ.

ಆ ಡಬ್ಬಿಯ ಲೆಕ್ಕ ಬಹಳ ಸರಳ. ಇಂಜಿನ್ ಕಾದಾಗ ಹಿಗ್ಗಿದ ಕೂಲೆಂಟ್ ಅಲ್ಲಿಗೆ ಬರುತ್ತದೆ, ಆರಿದಾಗ ರೇಡಿಯೇಟರಿಗೆ ವಾಪಸ್ ಹೋಗುತ್ತದೆ. ಹೊರಗೆ ಹೋಗಲು ದಾರಿಯೇ ಇಲ್ಲ. ಹಾಗಾಗಿ ತಿಂಗಳು ತಿಂಗಳೂ ತುಂಬಿಸಬೇಕಾಗಿ ಬಂದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ನಮ್ಮ ಹಳೆಯ ಕಾರಿನ ಡಬ್ಬಿ ‘ಮಿನ್’ ಗೆರೆಯ ಕೆಳಗೆ ಇಳಿದಾಗ ನನಗೆ ಇಷ್ಟು ಗೊತ್ತಾಯಿತು. ಎಲ್ಲಿ ತೂತು ಎಂಬುದು ಮಾತ್ರ ಗೊತ್ತಾಗಲಿಲ್ಲ. ಅದು ನನ್ನೊಬ್ಬನನ್ನು ಬಿಟ್ಟು ಬೆಂಗಳೂರಿನ ಮಿಕ್ಕ ಎಲ್ಲರಿಗೂ ಗೊತ್ತಿತ್ತು.

ಮೊದಲು ಪತ್ತೆ ಹಚ್ಚಿದವರು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್. ‘ಸಾರ್, ನೋಡಿ, ಎಷ್ಟು ನೀರು!’ ಎಂದು ಬೇಸ್‌ಮೆಂಟಿಗೆ ಕರೆದೊಯ್ದು ಕಾರಿನ ಕೆಳಗಿದ್ದ ಕೊಚ್ಚೆ ತೋರಿಸಿದರು. ಬೆರಳಿಗೆ ಹಚ್ಚಿ ನೋಡಿದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಜಾರುವುದೂ ಇಲ್ಲ. ಅದು ಎಸಿಯ ನೀರು. ಗಾಳಿಯಲ್ಲಿನ ತೇವ ತಣ್ಣಗಾಗಿ ಹನಿಯುವುದು ಅಷ್ಟೆ. ಕೂಲೆಂಟ್ ಆದರೆ ಎರಡು ಬೆರಳ ನಡುವೆ ಎಣ್ಣೆಯ ಹಾಗೆ ಜಾರುತ್ತದೆ, ಮೂಗಿಗೆ ಸಿಹಿ ವಾಸನೆ ಹೊಡೆಯುತ್ತದೆ. ಹಸಿರೋ ಗುಲಾಬಿಯೋ ಬಣ್ಣವೂ ಇರುತ್ತದೆ. ಆ ಬಣ್ಣ ಕೂಲೆಂಟ್ ಕಂಪನಿಯವರು ಬೆರೆಸಿದ್ದು, ಅದರಲ್ಲಿ ಬೇರೆ ಮಹಿಮೆ ಏನಿಲ್ಲ.

‘ನಾಲಿಗೆಗೆ ಇಟ್ಟು ನೋಡಿ, ಗೊತ್ತಾಗತ್ತೆ’ ಎಂದರು ಅಲ್ಲೇ ಗಾಡಿ ಒರೆಸುತ್ತಿದ್ದ ಇನ್ನೊಬ್ಬರು. ದಯವಿಟ್ಟು ಯಾರೂ ಇಡಬೇಡಿ. ಕೂಲೆಂಟಿನಲ್ಲಿ ಮುಖ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಒಳಗೆ ಹೋದರೆ ವಿಷ, ಕಿಡ್ನಿಯನ್ನೇ ಹಾಳು ಮಾಡುತ್ತದೆ. ಸಿಹಿ ಎಂದೇ ನಾಯಿಗಳು ನೆಕ್ಕುತ್ತವೆ. ನಮ್ಮ ಬೀದಿಯ ನಾಯಿ ಕೆಂಚನಿಗೆ ಮಧ್ಯಾಹ್ನದ ನಿದ್ದೆಗೆ ನನ್ನ ಕಾರಿನ ಕೆಳಗೇ ಆಗಬೇಕು. ಕಾರಿಗಿಂತ ಜಾಸ್ತಿ ಅವನದೇ ಚಿಂತೆ ಹತ್ತಿತು. ಫ್ರಿಡ್ಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಬಿಚ್ಚಿ ಇಂಜಿನ್ ಕೆಳಗೆ ಹಾಸಿದೆ. ಹನಿ ಬಿದ್ದರೆ ರಟ್ಟಿನ ಮೇಲೆ ಕಲೆ ಕಾಣಬೇಕು, ನೆಲಕ್ಕೂ ಇಳಿಯಬಾರದು ಎಂಬುದು ಲೆಕ್ಕ. ಕೆಂಚ ಬಂದು, ಮೂಸಿ, ತನಗಾಗಿಯೇ ಹಾಸಿದ್ದು ಎಂದುಕೊಂಡು ಎರಡು ಸುತ್ತು ಹಾಕಿ ಮಲಗಿದ. ಎಬ್ಬಿಸಿ ಓಡಿಸುವುದೇ ನನ್ನ ಕೆಲಸವಾಯಿತು. ಕೊನೆಗೆ ರಟ್ಟಿನ ಮೇಲೆ ಐದು ರೂಪಾಯಿ ನಾಣ್ಯದಷ್ಟು ಗುಲಾಬಿ ಕಲೆ ಬಿತ್ತು. ಆದರೆ ಕೂಲೆಂಟ್ ಇಂಜಿನ್ ಮೈಮೇಲೆ ಹರಿದು, ಅಡಿಯ ಪ್ಲಾಸ್ಟಿಕ್ ತಟ್ಟೆಯ ಮೇಲೆ ಅಡ್ಡಾಡಿ, ತನಗೆ ಇಷ್ಟ ಬಂದ ಕಡೆ ತೊಟ್ಟಿಕ್ಕುತ್ತದೆ. ಬಿದ್ದ ಜಾಗ ನೋಡಿ ಸೋರಿದ ಜಾಗ ಹೇಳಲಾಗದು.

ಮೂರನೇ ಮಹಡಿಯವರು ಆ ಕಲೆ ನೋಡಿದವರೇ ‘ಹೆಡ್ ಗ್ಯಾಸ್ಕೆಟ್’ ಎಂದರು. ಅದು ಹೇಗೆ ಎಂದೆ. ಅವರ ಕಾರಿನದ್ದು ಹಿಂದೊಮ್ಮೆ ಹೋಗಿತ್ತಂತೆ. ಹೆಡ್ ಬಿಚ್ಚಿಸಿ, ಫೇಸಿಂಗ್ ಮಾಡಿಸಿ, ಒಂದು ಸ್ಕೂಟರಿನ ದುಡ್ಡು ಕೊಟ್ಟಿದ್ದರಂತೆ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ತೆಳು ಹಾಳೆ. ಅದು ಹೋದರೆ ಸಾಮಾನ್ಯವಾಗಿ ಕೂಲೆಂಟ್ ಹೊರಗೆ ಬರದೆ ಇಂಜಿನ್ ಒಳಗೇ ಇಳಿಯುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ಆಯಿಲ್ ಮುಚ್ಚಳದ ಒಳಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ನೊರೆ ಕೂರುತ್ತದೆ. ಇಬ್ಬರೂ ಸೇರಿ ನೋಡಿದೆವು. ಹೊಗೆ ಇಲ್ಲ, ಗುಳ್ಳೆ ಇಲ್ಲ, ಆಯಿಲ್ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಅವರಿಗೆ ಬೇಜಾರಾಯಿತು. ‘ಇನ್ನೂ ಶುರು ಇರಬೇಕು, ಕಾದು ನೋಡಿ’ ಎಂದು ಧೈರ್ಯ ಹೇಳಿ ಹೋದರು.

ಆಫೀಸಿನ ಗೆಳೆಯನ ಕಾರಿನಲ್ಲಿ ಒಮ್ಮೆ ಹೀಟರಿನ ಒಳಗಿನ ಪುಟ್ಟ ರೇಡಿಯೇಟರ್ ಸೋರಿ ಮ್ಯಾಟೆಲ್ಲ ಒದ್ದೆಯಾಗಿತ್ತು. ಹಾಗಾಗಿ ಅವನು ನನ್ನ ಕಾರಿನ ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ನೇರ ಎಡಗಡೆ ಬಾಗಿಲು ತೆಗೆದು ಮ್ಯಾಟಿನ ಕೆಳಗೆ ಕೈ ತೂರಿಸಿದ. ಒಂದು ಮುರಿದ ಚಕ್ಕುಲಿ ಸಿಕ್ಕಿತು. ‘ಒಣಗಿದೆಯಲ್ಲ’ ಎಂದ, ಚಕ್ಕುಲಿಯನ್ನೋ ಮ್ಯಾಟನ್ನೋ ತಿಳಿಯಲಿಲ್ಲ.

ಇವರೆಲ್ಲರನ್ನೂ ಮೀರಿಸಿದವರು ಊರಿಂದ ಬಂದ ಚಿಕ್ಕಪ್ಪ. ಅವರಿಗೆ ಸೋರುವ ಜಾಗ ಹುಡುಕುವುದೇ ದಂಡ ಎನ್ನುವ ಅಭಿಪ್ರಾಯ. ‘ರೇಡಿಯೇಟರಿಗೆ ಎರಡು ಚಮಚ ಅರಿಶಿನ ಹಾಕು. ತೂತು ಎಲ್ಲಿದ್ದರೂ ಅದೇ ಹೋಗಿ ಮುಚ್ಚತ್ತೆ. ನಾವೆಲ್ಲ ಹಾಗೇ ಓಡಿಸಿದ್ದು’ ಎಂದರು. ಇದು ಚಿಕ್ಕಪ್ಪನ ಸಂಶೋಧನೆ ಏನಲ್ಲ. ನಮ್ಮ ಹೆದ್ದಾರಿಗಳ ಹಳೆಯ ಡ್ರೈವರುಗಳೆಲ್ಲರ ಮನೆಮದ್ದು. ಪುಡಿ ನೀರಿನ ಜತೆ ತಿರುಗುತ್ತಾ ಹೋಗಿ, ತೂತಿನ ಬಾಯಲ್ಲಿ ಸಿಕ್ಕಿ, ಗಂಟು ಕಟ್ಟುತ್ತದೆ. ಕಾಡಿನ ನಡುವೆ ಗಾಡಿ ನಿಂತಾಗ ಊರು ಮುಟ್ಟಿಸುವ ಮಟ್ಟಿಗೆ ಅದು ಸರಿ. ತೊಂದರೆ ಏನೆಂದರೆ ಅರಿಶಿನಕ್ಕೆ ತೂತು ಯಾವುದು, ದಾರಿ ಯಾವುದು ಎನ್ನುವ ಭೇದ ಇಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳೂ ಅದರ ಕಣ್ಣಿಗೆ ತೂತುಗಳೇ. ಬೇಡ ಚಿಕ್ಕಪ್ಪ ಎಂದೆ. ಅವರು ಸುಮ್ಮನಾದರು. ಚಿಕ್ಕಪ್ಪ ಅಷ್ಟು ಬೇಗ ಸುಮ್ಮನಾಗುವವರಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಅನುಮಾನ ಪಡಲಿಲ್ಲ.

ಡಬ್ಬಿ ತುಂಬಿಸಿಕೊಂಡು ಧರ್ಮಸ್ಥಳಕ್ಕೆ ಹೋದೆವು. ಹೋಗುವಾಗ ಇಳಿಜಾರು, ಕಾರು ತಂಪಾಗಿತ್ತು. ಬರುವಾಗ ಚಾರ್ಮಾಡಿ ಘಾಟಿ. ಮೇ ತಿಂಗಳು, ಮುಂದೊಂದು ಲಾರಿ, ಎರಡನೇ ಗೇರು. ಟೆಂಪರೇಚರ್ ಮುಳ್ಳು ಯಾವಾಗಲೂ ಅರ್ಧದಲ್ಲಿ ಕೂರುವಂಥದ್ದು, ಒಂದೊಂದು ತಿರುವಿಗೂ ಒಂದೊಂದು ಗೆರೆ ಏರಿತು. ಆಗ ಮಾಡಬೇಕಾದ ಕೆಲಸ ಒಂದಿದೆ. ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಬೇಕು. ಹೀಟರ್ ಇಂಜಿನ್ನಿನ ಬಿಸಿಯನ್ನೇ ತೆಗೆದು ಒಳಗೆ ಬಿಡುವುದರಿಂದ ಇಂಜಿನ್ನಿಗೆ ಸ್ವಲ್ಪ ಹಗುರವಾಗುತ್ತದೆ. ವೈಜ್ಞಾನಿಕವಾಗಿ ಸರಿಯಾದ ಈ ಮಾತನ್ನು ಮೇ ತಿಂಗಳಲ್ಲಿ, ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯಲ್ಲಿ ಕೂತ ಚಿಕ್ಕಮ್ಮನಿಗೆ ವಿವರಿಸಿ ನೋಡಿ. ‘ಇವನಿಗೇನಾಯ್ತೇ?’ ಎಂದು ಅವರು ನನ್ನ ಹೆಂಡತಿಯನ್ನು ಕೇಳಿದರು.

ಮುಳ್ಳು ಕೆಂಪಿಗೆ ತಾಗುವ ಮುಂಚೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಎತ್ತಿದ ಕೂಡಲೇ ಬರುವವರು ಹೋಗುವವರು ಎಲ್ಲ ಡಾಕ್ಟರುಗಳಾದರು. ಒಬ್ಬರು ಫ್ಯಾನ್ ಹೋಗಿದೆ ಎಂದರು, ಇನ್ನೊಬ್ಬರು ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಎಂದರು. ಬೈಕಿನಲ್ಲಿ ಬಂದ ಹುಡುಗ ಒಬ್ಬ ಒದ್ದೆ ಟವೆಲ್ ಹಿಡಿದು ಸೀದಾ ರೇಡಿಯೇಟರ್ ಮುಚ್ಚಳಕ್ಕೇ ಕೈ ಹಾಕಲು ಬಂದ. ಅವನನ್ನು ತಡೆಯಲು ಇಬ್ಬರು ಬೇಕಾಯಿತು. ಆ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅದು ಒಳಗಿನ ಒತ್ತಡದ ಲೆಕ್ಕ. ಅಷ್ಟು ಒತ್ತಡ ಇದ್ದಾಗ ಬರೀ ನೀರೂ ಹೆಚ್ಚುಕಮ್ಮಿ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳ ತೆಗೆದರೆ ಒತ್ತಡ ಹೋಗಿ, ಒಳಗಿದ್ದದ್ದೆಲ್ಲ ಆ ಕ್ಷಣಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಪೈಪನ್ನು ಮುಟ್ಟಿದರೆ ಕೈ ಸುಡದಷ್ಟು, ಹಿಚುಕಿದರೆ ಮೆತ್ತಗಾಗುವಷ್ಟು ಆರುವ ತನಕ ಕಾಯುವುದೊಂದೇ ದಾರಿ. ಕಾದೆವು. ನಮ್ಮ ಬಾಳೆಹಣ್ಣಿನ ಚೀಲವನ್ನು ಕೋತಿಗಳು ಬಂದು ಇಸಿದುಕೊಂಡು ಹೋದವು. ಇಡೀ ಘಾಟಿಯಲ್ಲಿ ಸಲಹೆ ಕೊಡದೆ ಹೋದವರು ಅವರಷ್ಟೇ.

ಕೊನೆಗೆ ಒಬ್ಬ ಲಾರಿ ಡ್ರೈವರ್ ತನ್ನ ಕ್ಯಾನಿನಿಂದ ನೀರು ಕೊಟ್ಟ. ‘ಇಂಜಿನ್ ಚಾಲೂ ಇಟ್ಟು ಸಣ್ಣಗೆ ಹಾಕಿ ಅಣ್ಣಾ. ಕಾದ ಇಂಜಿನ್ನಿಗೆ ತಣ್ಣೀರು ಒಮ್ಮೆಗೇ ಸುರಿದರೆ ಬಿರುಕು ಬಿಡತ್ತೆ’ ಎಂದು ಹೇಳಿ, ಏನು ಹೋಗಿದೆ ಎಂದು ಊಹಿಸುವ ಗೋಜಿಗೂ ಹೋಗದೆ ಗಾಡಿ ಹತ್ತಿದ. ಹಾಗೇ ತೆವಳಿಕೊಂಡು ಕೊಟ್ಟಿಗೆಹಾರ ಮುಟ್ಟಿ, ನೀರುದೋಸೆ ಮುಂದೆ ಕೂತ ಮೇಲೆ ಚಿಕ್ಕಮ್ಮ ನನ್ನ ಜತೆ ಮತ್ತೆ ಮಾತಾಡಿದರು.

ಬೆಂಗಳೂರಿನಲ್ಲಿ ಮೊದಲು ತೋರಿಸಿದ ಗ್ಯಾರೇಜಿನವರು ಕಾರಿನಿಂದ ನಾನು ಇಳಿಯುವ ಮುಂಚೆಯೇ ‘ಹೊಸ ರೇಡಿಯೇಟರ್’ ಎಂದರು. ಗೋಡೆಗೆ ಒರಗಿಸಿದ್ದ ರೇಡಿಯೇಟರುಗಳ ಸಾಲು ನೋಡಿ ಅಲ್ಲಿಂದ ಹೊರಟೆ. ಆಮೇಲೆ ಸಿಕ್ಕವರು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರ ಮೇಸ್ತ್ರಿ. ಎಂಥ ಮನುಷ್ಯ ಎಂದರೆ, ಹದಿನೈದು ನಿಮಿಷ ಒಂದೂ ಮಾತಾಡಲಿಲ್ಲ.

ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು, ಆ ಜಾಗಕ್ಕೆ ಮೀಟರ್ ಇದ್ದ ಕೈಪಂಪು ಕೂರಿಸಿದರು. ಸೈಕಲ್ಲಿಗೆ ಗಾಳಿ ಹೊಡೆದಂತೆ ಹೊಡೆದು, ಮುಚ್ಚಳದ ಮೇಲೆ ಬರೆದಿದ್ದಷ್ಟು ಒತ್ತಡ ತುಂಬಿಸಿ, ಕೈ ಬಿಟ್ಟು ನಿಂತರು. ಇಂಜಿನ್ ಆಫ್ ಆಗಿದ್ದರೂ ಒಳಗಿನ ಪೈಪುಗಳಿಗೆ ಈಗ ಘಾಟಿ ಹತ್ತುವಾಗಿನ ಪಾಡು. ಮೀಟರಿನ ಮುಳ್ಳು ನಿಧಾನ ಇಳಿಯತೊಡಗಿತು. ಅವರು ಟಾರ್ಚ್ ಹಿಡಿದು ಹೋಸ್ ಕ್ಲಿಪ್ಪುಗಳನ್ನು ಒಂದೊಂದಾಗಿ ನೋಡಿದರು, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂ ಜತೆ ಕೂಡುವ ಅಂಚನ್ನು ಬೆರಳಿಂದ ಸವರಿದರು. ಎಲ್ಲ ಒಣ. ಆಮೇಲೆ ಜೇಬಿನಿಂದ ಪೌಡರ್ ಡಬ್ಬಿಯ ಪುಟ್ಟ ಕನ್ನಡಿ ತೆಗೆದು ಬೆಲ್ಟಿನ ಹಿಂದೆ ಇಳಿಬಿಟ್ಟು, ‘ಬನ್ನಿ’ ಎಂದರು.

ಕನ್ನಡಿಯಲ್ಲಿ ವಾಟರ್ ಬಾಡಿಯ, ಅಂದರೆ ಕೂಲೆಂಟನ್ನು ಇಂಜಿನ್ ತುಂಬ ತಿರುಗಿಸುವ ಪಂಪಿನ, ಹೊಟ್ಟೆ ಕಂಡಿತು. ಅದರ ಅಡಿಯಲ್ಲಿ ಅಕ್ಕಿಕಾಳು ಹಿಡಿಸುವಷ್ಟು ಒಂದು ತೂತು. ತೂತಿನ ಬಾಯಿಂದ ಕೆಳಕ್ಕೆ ಒಣಗಿದ ಗುಲಾಬಿ ಗೆರೆ, ಅಲ್ಲಲ್ಲಿ ಉಪ್ಪಿನಂತೆ ಹರಳುಗಟ್ಟಿತ್ತು. ನಾವು ನೋಡುತ್ತಿದ್ದಂತೆಯೇ ಅಂಚಿನಲ್ಲಿ ಒಂದು ಹನಿ ಮೂಡಿ, ದಪ್ಪಗಾಗಿ, ಬೀಳಲೋ ಬೇಡವೋ ಎಂದು ತೂಗಿ, ಬಿತ್ತು.

‘ತೂತು ಬಿದ್ದಿದೆಯಾ?’ ಎಂದೆ. ‘ಅದು ಬಿದ್ದದ್ದಲ್ಲ, ಇಟ್ಟದ್ದು’ ಎಂದರು. ವಾಟರ್ ಬಾಡಿಯಲ್ಲಿ ಒಂದು ಕಡೆ ಕೂಲೆಂಟ್, ಇನ್ನೊಂದು ಕಡೆ ಬೇರಿಂಗ್, ನಡುವೆ ಒಂದು ಸೀಲ್. ಸೀಲ್ ಸವೆದರೆ ಕೂಲೆಂಟ್ ಬೇರಿಂಗಿಗೆ ನುಗ್ಗಿ ಅದನ್ನು ತಿಂದುಹಾಕಬಾರದು ಎಂದು ನಡುವೆ ಈ ತೂತು ಕೊಟ್ಟಿರುತ್ತಾರೆ. ಸೀಲ್ ಹೋಗಿದೆ ಎಂದು ಹೊರಗಿನವರಿಗೆ ತಿಳಿಸುವುದೇ ಅದರ ಉದ್ಯೋಗ. ಪಾಪ, ಅದು ತನ್ನ ಪಾಡಿಗೆ ತಿಳಿಸುತ್ತಲೇ ಇತ್ತು. ನಾವು ಮ್ಯಾಟಿನ ಕೆಳಗೆ ಚಕ್ಕುಲಿ ಹುಡುಕುತ್ತಿದ್ದೆವು.

ನಮ್ಮ ಕಾರಿನ ಪುಣ್ಯ, ವಾಟರ್ ಬಾಡಿ ಹೊರಗಿನ ಫ್ಯಾನ್ ಬೆಲ್ಟಿನಿಂದಲೇ ತಿರುಗುವಂಥದ್ದು. ಟೈಮಿಂಗ್ ಬೆಲ್ಟಿನ ಹಿಂದೆ ಕೂತಿದ್ದರೆ ಇಂಜಿನ್ನಿನ ಅರ್ಧ ಮುಖವನ್ನೇ ಬಿಚ್ಚಬೇಕು. ಹೊಸದು ಜೆ.ಸಿ. ರಸ್ತೆಯಲ್ಲೇ ಸಿಕ್ಕಿತು, ಪ್ಯಾಕಿಂಗ್ ಸಮೇತ. ಹಳೆಯದರ ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಎಂದಿತು.

ಕಳಚುವ ಮುಂಚೆ ಕೂಲೆಂಟ್ ಇಳಿಸಬೇಕಲ್ಲ. ರೇಡಿಯೇಟರಿನ ಅಡಿಯ ತಿರುಪು ಬಿಚ್ಚಿ ಬಕೆಟ್ ಇಟ್ಟರು. ಗುಲಾಬಿ ಬರಬೇಕಿದ್ದ ಕಡೆ ಹಳದಿ ಬಂತು. ಬರೀ ಹಳದಿಯಲ್ಲ, ಗಟ್ಟಿ ಹಳದಿ, ಕೆಸರು ಕೆಸರಾಗಿ. ಗ್ಯಾರೇಜಿನ ತುಂಬ ಹಬ್ಬದ ಅಡುಗೆಮನೆಯ ಘಮ. ಮೇಸ್ತ್ರಿ ಅದರಲ್ಲಿ ಬೆರಳದ್ದಿ ಮೂಸಿ ಮೊದಲ ಬಾರಿಗೆ ನನ್ನ ಮುಖ ನೆಟ್ಟಗೆ ನೋಡಿದರು. ನಾನು ಚಿಕ್ಕಪ್ಪನನ್ನು ನೋಡಿದೆ. ಚಿಕ್ಕಪ್ಪ ಎದುರಿನ ಅಂಗಡಿಯ ಬೋರ್ಡು ಓದುತ್ತಿದ್ದರು.

‘ಎರಡು ಚಮಚ ಅಂದಿದ್ರಿ?’

‘ತೂತು ದೊಡ್ಡದಿದ್ರೆ ಅಂತ ಒಂದು ಹಿಡಿ ಹಾಕ್ದೆ’ ಎಂದರು ಬೋರ್ಡಿಗೆ. ‘ನಮ್ಮ ತೋಟದ್ದು. ಅಂಗಡಿಯದ್ದಲ್ಲ.’

ಘಾಟಿಯಲ್ಲಿ ಕಾರು ಕುದಿಯಲು ಸೋರಿಕೆ ಎಷ್ಟು ಕಾರಣವೋ ತೋಟದ ಅರಿಶಿನವೂ ಅಷ್ಟೇ ಎಂದು ಮೇಸ್ತ್ರಿ ತೀರ್ಪು ಕೊಟ್ಟರು. ರೇಡಿಯೇಟರಿನ ಕೊಳವೆಗಳಲ್ಲಿ ಅದು ಗಾರೆಯಂತೆ ಕೂತಿತ್ತು. ವಾಟರ್ ಬಾಡಿಯ ತೂತಿನ ಹತ್ತಿರಕ್ಕೂ ಹೋಗಿರಲಿಲ್ಲ. ರೇಡಿಯೇಟರ್ ಕಳಚಿ ತಲೆಕೆಳಗು ಮಾಡಿ ಪೈಪಿನಿಂದ ನೀರು ಬಿಟ್ಟು ತೊಳೆದದ್ದೇ ತೊಳೆದದ್ದು. ಮೋರಿಗೆ ಬಿಡಬೇಡಿ, ನಾಯಿಗಳು ಓಡಾಡುತ್ತವೆ ಎಂದು ನಾನು ಕ್ಯಾನ್ ಹಿಡಿದು ನಿಂತೆ. ಈ ಅರಿಶಿನ ನಾಯಿ ಮೂಸತ್ತಾ ಸಾರ್ ಎಂದು ಅಲ್ಲಿದ್ದ ಹುಡುಗ ನಕ್ಕ.

ತುಂಬಿಸುವುದೂ ಒಂದು ವ್ರತವೇ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಹಾಕಿದರೆ ಬಕೆಟ್ಟಿಗೆ ಕಟ್ಟುವ ಅದೇ ಬಿಳಿ ಕರೆ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ಕಾರಿನ ಮೂತಿಯನ್ನು ಎತ್ತರಕ್ಕೆ ನಿಲ್ಲಿಸಿ, ಮುಚ್ಚಳ ತೆಗೆದಿಟ್ಟು, ಹೀಟರ್ ತೆರೆದು ಇಂಜಿನ್ ಓಡಿಸಿದರು. ಮೇಲಿನ ಪೈಪನ್ನು ಹಿಚುಕಿದಾಗೆಲ್ಲ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಬುಳುಬುಳು ಎಂದು ಹೊರಬಂತು. ಗುಳ್ಳೆ ನಿಂತು, ಫ್ಯಾನ್ ತಾನಾಗಿ ತಿರುಗಿ, ತಾನಾಗಿ ನಿಂತ ಮೇಲೆ ಹೊಸ ಮುಚ್ಚಳ ಬಿಗಿದು, ‘ಆಯ್ತು’ ಎಂದರು. ಬಿಲ್ಲಿನಲ್ಲಿ ವಾಟರ್ ಬಾಡಿಗಿಂತ ಅರಿಶಿನ ತೊಳೆದ ಕೂಲಿಯೇ ಜಾಸ್ತಿ ಇತ್ತು. ಚಿಕ್ಕಪ್ಪ ಅರ್ಧ ಕೊಡಲು ಮುಂದಾದರು. ಮುಂದಾದರು ಅಷ್ಟೆ.

ಅದಾಗಿ ಡಬ್ಬಿ ಒಂದು ಕೂದಲೆಳೆಯೂ ಇಳಿದಿಲ್ಲ. ಹೋದ ವಾರ ಎದುರುಮನೆಯವರು ಲಿಫ್ಟಿನಲ್ಲಿ ಸಿಕ್ಕಿ, ‘ಯಾಕೋ ನಮ್ಮ ಕಾರು ಸರಿ ಇಲ್ಲ ಸಾರ್, ಬಿಸಿ…’ ಎನ್ನುತ್ತಿದ್ದಂತೆ ‘ವಾಟರ್ ಬಾಡಿ’ ಎಂದೆ. ಹೆಂಡತಿಯ ಪೌಡರ್ ಡಬ್ಬಿ ತಂದು, ಬೇಸ್‌ಮೆಂಟಿನಲ್ಲಿ ಅಂಗಿ ಕೊಳೆ ಮಾಡಿಕೊಂಡು ಮಲಗಿ, ಬೆಲ್ಟಿನ ಹಿಂದೆ ಕನ್ನಡಿ ಇಳಿಬಿಟ್ಟು ಆ ತೂತನ್ನು ಹುಡುಕಿಯೇ ಹುಡುಕಿದೆ. ಅವರು ಬಹಳ ಹೊತ್ತು ಸೌಜನ್ಯದಿಂದ ಟಾರ್ಚ್ ಹಿಡಿದು ನಿಂತಿದ್ದು, ಕೊನೆಗೆ ಕೆಮ್ಮಿ, ಬಿಸಿ ಗಾಳಿ ಬರುತ್ತಿರುವುದು ಎಸಿಯಿಂದ ಎಂದರು.