ಅಮೆರಿಕದಲ್ಲಿ ಗರ್ಭಪಾತ ದೇಶಪೂರ್ತಿ ನಿಷೇಧ ಆಗಿಲ್ಲ

‘2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ದೇಶದಾದ್ಯಂತ ನಿಷೇಧಿಸಿತು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮಿಸಿಸಿಪ್ಪಿ ರಾಜ್ಯ 15 ವಾರ ದಾಟಿದ ಮೇಲಿನ ಗರ್ಭಪಾತಕ್ಕೆ ಬಹುತೇಕ ತಡೆ ಹಾಕಿತ್ತು. ಆ ಕಾನೂನಿನ ಕುರಿತ ಡಾಬ್ಸ್ ಪ್ರಕರಣದಲ್ಲಿ, ಜೂನ್ 24ರಂದು, ಗರ್ಭಪಾತ ಸಂವಿಧಾನದ ಹಕ್ಕು ಎಂದಿದ್ದ 1973ರ ರೋ ತೀರ್ಪನ್ನು ಕೋರ್ಟ್ ರದ್ದು ಮಾಡಿತು. ಸಂವಿಧಾನದಲ್ಲಿ ಈ ಹಕ್ಕು ಇಲ್ಲ, ರಾಜ್ಯಗಳೇ ತೀರ್ಮಾನಿಸಲಿ ಎಂದಿತು. ನಿಷೇಧಿಸಿ ಎನ್ನಲಿಲ್ಲ.

ಟೆಕ್ಸಾಸ್ ಹೆಚ್ಚುಕಡಿಮೆ ಪೂರ್ತಿ ಬಾಗಿಲು ಹಾಕಿತು. ಕ್ಯಾಲಿಫೋರ್ನಿಯಾ ಅದೇ ನವೆಂಬರ್‌ನಲ್ಲಿ ಹಕ್ಕನ್ನು ತನ್ನ ಸಂವಿಧಾನಕ್ಕೇ ಸೇರಿಸಿತು. ಸಾಮಾನ್ಯವಾಗಿ ಗರ್ಭಪಾತ ವಿರೋಧಿಸುವ ರಿಪಬ್ಲಿಕನ್ನರ ಕೋಟೆಯಾದ ಕಾನ್ಸಾಸ್‌ನಲ್ಲೂ, ಹಕ್ಕು ತೆಗೆಯುವ ತಿದ್ದುಪಡಿಯನ್ನು ಆಗಸ್ಟ್‌ನಲ್ಲಿ ಸುಮಾರು ಶೇ 59ರಷ್ಟು ಮತದಾರರು ಬೇಡ ಎಂದರು.

ಅಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇಂಥ ಸಂದೇಶ ಸುಮ್ನೆ ಭಯ ಹುಟ್ಟಿಸುತ್ತದೆ, ಅಲ್ವಾ? ದಯವಿಟ್ಟು ಮುಂದೆ ಕಳಿಸಬೇಡಿ. ಅವರಿರುವ ರಾಜ್ಯದ ಈಗಿನ ಕಾನೂನು ಏನಿದೆ ನೋಡಿ.